ಕಾವಲು ನಾಯಿಗೂ ಪಥ್ಯ ಬೇಕು

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ನಾಯಿಯಿಲ್ಲದ ತೋಟದ ಮನೆ ಅಪರೂಪ. ರಾತ್ರಿಯೆಲ್ಲ ಕೊಟ್ಟಿಗೆ, ಪಂಪ್‌ಸೆಟ್ಟು, ದ್ರಾಕ್ಷಿ ಚಪ್ಪರ ಕಾಯುವ ಆ ಪ್ರಾಣಿಗೆ ನಾವು ಹಾಕುವುದು ಮಿಕ್ಕ ಮುದ್ದೆ, ಅದರ ಮೇಲೊಂದು ಸೌಟು ಸಾರು. ವಯಸ್ಸಾಗಿಯೋ, ಉಣ್ಣೆಯಿಂದ ಬರುವ ಜ್ವರ ಅಥವಾ ಇಲಿ ಜ್ವರದಿಂದಲೋ ಅದರ ಮೂತ್ರಪಿಂಡ ಕೆಟ್ಟಾಗಲೂ ತಟ್ಟೆ ಬದಲಾಗುವುದಿಲ್ಲ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ನಾಯಿ ವಿಪರೀತ ನೀರು ಕುಡಿಯುವುದು, ಮೇಲಿಂದ ಮೇಲೆ ಮೂತ್ರ ಮಾಡುವುದು, ಊಟ ಬಿಟ್ಟು ಸೊರಗುವುದು, ವಾಂತಿ, ಬಾಯಿಯ ದುರ್ವಾಸನೆ ಇವು ಈ ಕಾಯಿಲೆಯ ಲಕ್ಷಣಗಳು. ರಕ್ತ, ಮೂತ್ರ ಪರೀಕ್ಷೆಯಾಗದೆ ಪಥ್ಯ ಆರಂಭಿಸಬೇಡಿ. ಕಾಯಿಲೆ ಬೇರೆಯಾದರೆ ಪಥ್ಯವೂ ಬೇರೆ. ಪಕ್ಕದ ಮನೆಯ ನಾಯಿಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಲಾರದು.

ಮೊದಲು ನಿಲ್ಲಿಸಬೇಕಾದುದು ಸಾರು. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಪ್ಪೂ ಹೆಚ್ಚು. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ತಿಳಿಸಿದರು. ಈ ಆಮ್ಲ ಹುಣಸೆಯಲ್ಲೂ ಇದೆ. ಚಪ್ಪರದಡಿ ಉದುರಿದ ಬೆಂಗಳೂರು ನೀಲಿ ದ್ರಾಕ್ಷಿಯನ್ನೂ ನಾಯಿಗೆ ಎಟುಕದಂತೆ ಗುಡಿಸಿ ತೆಗೆಯಿರಿ.

ಇನ್ನು ಮುದ್ದೆ. ಮೂತ್ರಪಿಂಡ ಸೋತಾಗ ರಂಜಕ ರಕ್ತದಲ್ಲೇ ಉಳಿದು ಕಾಯಿಲೆಯನ್ನು ಬಲಪಡಿಸುತ್ತದೆ. 100 ಗ್ರಾಂ ರಾಗಿಯಲ್ಲಿ ರಂಜಕ ಸುಮಾರು 210 ಮಿ.ಗ್ರಾಂ, ಬಿಳಿ ಅಕ್ಕಿಯಲ್ಲಿ ಸುಮಾರು 96. ನಮಗೆ ಬಲ ಕೊಡುವ ರಾಗಿಗಿಂತ ಈ ರೋಗಿಗೆ ಮೆತ್ತಗೆ ಬೆಂದ ಅನ್ನವೇ ಲೇಸು. ಅದಕ್ಕೆ ಬೇಯಿಸಿದ ಮೊಟ್ಟೆಯ ಬಿಳಿ, ಮೂಳೆಯಿಲ್ಲದ ಸ್ವಲ್ಪ ಕೋಳಿ ಮಾಂಸ, ಬೆಂದ ಕುಂಬಳಕಾಯಿ, ಶಕ್ತಿಗಾಗಿ ಒಂದಿಷ್ಟು ಎಣ್ಣೆ ಸೇರಿಸಬಹುದು. ಮೊಟ್ಟೆಯ ಬಿಳಿಯಲ್ಲಿ ಉತ್ತಮ ಸಸಾರಜನಕವಿದೆ, ರಂಜಕ ತೀರ ಕಡಿಮೆ. ಹಳದಿ ಭಾಗ, ಮೂಳೆ, ಈಲಿ ಬೇಡ. ನೀರು ಸದಾ ಇರಲಿ.

ಮನೆಯ ಅಡುಗೆಯಾದರೆ ಎಲ್ಲವೂ ಸರಿ ಎಂಬ ಭ್ರಮೆಯೂ ಬೇಡ. ಅಮೆರಿಕದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ ನಾಯಿಗಳಿಗಾಗಿ ಬರೆದ 200 ಮನೆ ಅಡುಗೆ ವಿಧಾನಗಳನ್ನು ಪರಿಶೀಲಿಸಿದಾಗ 190ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆಯಿತ್ತು. ಮೇಲೆ ಹೇಳಿದ ಅನ್ನದಲ್ಲೂ ಸುಣ್ಣದ ಅಂಶ, ಜೀವಸತ್ವಗಳು ಸಾಲವು. ಅವುಗಳ ಪ್ರಮಾಣವನ್ನೂ ಅನ್ನ, ಮಾಂಸ, ಎಣ್ಣೆಗಳ ಅಳತೆಯನ್ನೂ ನಾಯಿಯ ತೂಕ ನೋಡಿ ಪಶುವೈದ್ಯರೇ ಬರೆದುಕೊಡಬೇಕು. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಅದರ ತೂಕ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಬರೆದಿಡಿ.

ನಾಯಿಗೆ ಬೇರೆ ಒಲೆ ಹಚ್ಚುವುದೇ ಎಂದು ನೆರೆಯವರು ನಗಬಹುದು. ಹಾಲು ಕೊಡುವ ಹಸುವಿಗೆ ಹಿಂಡಿಯನ್ನು ಅಳೆದು ಹಾಕುತ್ತೇವೆ. ಹತ್ತು ವರ್ಷ ಮನೆ ಕಾದ ಪ್ರಾಣಿಗೆ ಒಂದು ಪುಟ್ಟ ಪಾತ್ರೆ ಬೇರೆ ಇಡುವುದು ಹೆಚ್ಚಲ್ಲ. ಪಥ್ಯದಿಂದ ಕೆಟ್ಟ ಮೂತ್ರಪಿಂಡ ಹೊಸದಾಗದು. ಆದರೆ ಉಳಿದ ದಿನಗಳನ್ನು ಅದು ನರಳದೆ ಕಳೆಯಬಹುದು.