ದೊಡ್ಡ ಪೆಟ್ಟಿಗೆ ಬೇಡ, ತಂತಿ ಎಳೆಯಿರಿ



ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ಮಾಳಿಗೆ ಮನೆಗಳ ದಪ್ಪ ಗೋಡೆ ಬಿಸಿಲನ್ನು ತಡೆಯುವಂತೆ ವೈಫೈಯನ್ನೂ ತಡೆಯುತ್ತದೆ. ಪಡಸಾಲೆಯಲ್ಲಿ ಸಿಕ್ಕುವುದು ಒಳಕೋಣೆಗೆ ಬಾರದು. ನನ್ನ ಮಗಳು ಪಾಠ ನೋಡಲು ಹೊಸ್ತಿಲಲ್ಲಿಯೇ ಕೂಡುತ್ತಿದ್ದಳು. ಅಂಗಡಿಯವರ ಮಾತು ನಂಬಿ ದುಬಾರಿಯ ರೌಟರು ತಂದೆ. ಹಣ ಹೋಯಿತು, ತೊಂದರೆ ಉಳಿಯಿತು. ಪೆಟ್ಟಿಗೆ ಎಷ್ಟು ಕೂಗಿದರೇನು? ಫೋನಿನ ಸಣ್ಣ ದನಿಯೂ ಅದೇ ಗೋಡೆ ದಾಟಿ ಮರಳಬೇಡವೇ?

ಇದಕ್ಕೆ ಮದ್ದು ತಂತಿ ಎಂಬುದೇ ನನ್ನ ಅಭಿಪ್ರಾಯ. ರೌಟರಿನಿಂದ ಲ್ಯಾನ್ ತಂತಿ ಎಳೆದು, ಬೇಕಾದ ಕೋಣೆಯಲ್ಲಿ ಎರಡನೆಯ ಆಕ್ಸೆಸ್ ಪಾಯಿಂಟ್ ಕೂಡಿಸಿರಿ. ತಂತಿ 100 ಮೀಟರು ಮೀರಬಾರದು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1ನೆಯ ಚಾನಲ್ಲು, ಇನ್ನೊಂದಕ್ಕೆ 6 ಅಥವಾ 11 ಕೊಡಿರಿ. ಐ.ಪಿ. ವಿಳಾಸ ಹಂಚುವ ಕೆಲಸವನ್ನು ರೌಟರೊಂದಕ್ಕೇ ಬಿಡಿರಿ. ಮನೆಗೆ ಇಬ್ಬರು ಯಜಮಾನರಾದರೆ ಜಗಳ ತಪ್ಪದು.

ತಂತಿ ಮುಟ್ಟದ ದೂರದ ಬಾವಿಮನೆಗೆ ಎದುರುಬದುರು ನಿಲ್ಲಿಸುವ ಜೋಡಿ ಆಂಟೆನಾ ಬೇಕು; ನಡುವೆ ಬೇವಿನ ಮರ ಅಡ್ಡವಿರಬಾರದು.

ಕಾಲುವೆ ಸೋರುತ್ತಿರಲು ದೊಡ್ಡ ಪಂಪು ತಂದರೆ ಬೆಳೆಗೆ ನೀರು ಮುಟ್ಟೀತೇ? ಮೊದಲು ಕಾಲುವೆ ನೋಡಿರಿ, ಆಮೇಲೆ ಅಂಗಡಿಗೆ ಹೋಗಿರಿ.