ಹೆತ್ತು ಬಿಟ್ಟುಹೋದ ತಾಯಿ

ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಹಿತ್ತಲಿನ ಪೊದೆಯ ಬುಡದಲ್ಲಿ ಮೈತುಂಬ ಚುಕ್ಕೆಯ ಜಿಂಕೆ ಮರಿಯೊಂದು ಮುದುರಿ ಮಲಗಿತ್ತು. ಸುತ್ತ ತಾಯಿಯ ಸುಳಿವಿಲ್ಲ. "ಎಂಥ ತಾಯಿಯೋ! ಹೆತ್ತು ಬಿಸಾಕಿ ಹೋಗಿದೆ" ಎಂದೆ. ಪಕ್ಕದ ಮನೆಯಾಕೆಯೂ ಹಾಗೇ ಅಂದಳು. ನಾನು ಹಾಲು ಬಿಸಿಗಿಟ್ಟೆ. ಮಗಳು ತಡೆದಳು: "ಮುಟ್ಟಬೇಡಮ್ಮ, ಅದರಮ್ಮ ಬರುತ್ತೆ."

ಸಂಜೆಯ ಮಬ್ಬಿನಲ್ಲಿ ಬಂತು. ಮರಿ ಎದ್ದು ಮೊಲೆಗೆ ಬಾಯಿಟ್ಟಿತು.

ಬಿಳಿ ಬಾಲದ ಆ ಜಿಂಕೆಗಳ ಕ್ರಮವೇ ಅದು. ಮೊದಲ ವಾರಗಳಲ್ಲಿ ಮರಿಗೆ ಓಡಿ ತಪ್ಪಿಸಿಕೊಳ್ಳುವ ಶಕ್ತಿಯಿಲ್ಲ. ಮೈವಾಸನೆಯೂ ತೀರ ಕಡಿಮೆ. ತಾಯಿ ಜೊತೆಗಿದ್ದರೆ ಅವಳ ವಾಸನೆ ಹಿಡಿದು ಕೊಲ್ಲುವ ಪ್ರಾಣಿ ಬರುತ್ತದೆ. ಅದಕ್ಕೇ ದೂರದಲ್ಲಿ ಮೇಯುತ್ತಾಳೆ, ಹಾಲೂಡಿಸಲು ಬಂದುಹೋಗುತ್ತಾಳೆ. ದೂರವಿರುವುದೇ ಅವಳ ಕಾವಲು.

ಹಿತ್ತಲಿಗೇಕೆ ಬಂದಳು ಎನ್ನುತ್ತೀರಾ? ಕರೆದವರು ಮನುಷ್ಯರೇ. ತೋಳಗಳನ್ನು ಆ ಸೀಮೆಯಿಂದ ಅಳಿಸಿದರು. ಕಾಡನ್ನು ತುಂಡು ಮಾಡಿ ನಡುನಡುವೆ ಮನೆ, ಹುಲ್ಲುಹಾಸು, ಗುಲಾಬಿ ಇಟ್ಟರು. ಜಿಂಕೆಗೆ ಇಷ್ಟವಾದದ್ದೂ ಕಾಡಿನ ಅಂಚೇ. 1900ರ ಸುಮಾರಿಗೆ ಇಡೀ ಅಮೆರಿಕದಲ್ಲಿ ಹೆಚ್ಚೆಂದರೆ 5 ಲಕ್ಷ ಉಳಿದಿದ್ದವೆಂದು ಅಂದಾಜು. ಈಗ 3 ಕೋಟಿಯ ಆಸುಪಾಸು. ಜನರ ಓಡಾಟ ನೋಡಿಕೊಂಡು ಕತ್ತಲಲ್ಲಿ ಮೇಯುವುದನ್ನೂ ಕಲಿತಿವೆ. ನಮ್ಮ ದಿನಚರಿ ಅವಕ್ಕೆ ಗೊತ್ತು. ಅವುಗಳದ್ದು ನಮಗೆ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೂ ಕನಿಕರಕ್ಕೆ ಮಾತ್ರ ನಾವು ಮುಂದು. ಹೀಗೆ ಮಲಗಿದ ಮರಿಗಳನ್ನು ಅನಾಥವೆಂದು ಎತ್ತಿಕೊಂಡು ಹೋಗುವವರು ಅಲ್ಲಿ ಪ್ರತಿ ವರ್ಷವೂ ಇದ್ದಾರೆ. ಮರಿ ಅನಾಥವಾಗುವುದು ಆಗಲೇ. ಶಕುಂತಲೆ ಸಾಕಿದ ಮರಿಗೆ ನಿಜಕ್ಕೂ ತಾಯಿ ಇರಲಿಲ್ಲ. ಕ್ಯಾಲೆಂಡರಿನ ಆ ಚಿತ್ರ ನೋಡಿ ಬೆಳೆದ ನಮಗೆ ಕಂಡ ಮರಿಯನ್ನೆಲ್ಲ ಮಡಿಲಿಗೆ ಹಾಕಿಕೊಳ್ಳುವ ಆಸೆ. ಇದನ್ನು ದಯೆ ಎನ್ನಲಾರೆ. ವಿಚಾರಿಸದೆ ತೀರ್ಪು ಕೊಡುವ ಹಳೆಯ ಚಾಳಿ ಇದು.

ಆ ಚಾಳಿ ಜಿಂಕೆಗೇ ನಿಲ್ಲುವುದಿಲ್ಲ. ರಜೆ ಮುಗಿದ ಮೇಲೆ ಕೂಸನ್ನು ಡೇ ಕೇರಿಗೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆಂದ ಮಗಳಿಗೂ ಹಿಂದಿನ ವಾರವಷ್ಟೇ "ಎಂಥ ತಾಯಿಯೇ ನೀನು" ಎಂದಿದ್ದೆ. ಬೆಳಿಗ್ಗೆ ಬಿಟ್ಟುಹೋಗಿ ಸಂಜೆ ಬಸ್ಸಿಳಿದು ಓಡಿ ಬರುವವಳನ್ನು ನಮ್ಮ ಊರುಗಳಲ್ಲೂ ಹೀಗೇ ಅನ್ನುತ್ತೇವೆ. ಅನ್ನುವವರು ಹೆಚ್ಚಾಗಿ ನಾವು ಹೆಂಗಸರೇ.

ಜಿಂಕೆ ಮರಿ ಮಲಗಿದ್ದು ಕಂಡರೆ ನಾಯಿಯನ್ನು ಕಟ್ಟಿಹಾಕಿ ಸಂಜೆಯವರೆಗೆ ಕಾಯಬೇಕು. ದುಡಿಯಲು ಹೋದ ತಾಯಿಯ ವಿಷಯದಲ್ಲಿ ಕಟ್ಟಿಹಾಕಬೇಕಾದದ್ದು ನಾಲಿಗೆಯನ್ನು.