ನರಭಕ್ಷಣೆ ಬರೀ ಕಟ್ಟುಕಥೆಯೆ?

ಫಿಜಿ ದ್ವೀಪಗಳ ನಾಯಕರು ನರಮಾಂಸ ತಿನ್ನುತ್ತಿದ್ದರೆಂಬುದು ಬಿಳಿಯ ಪಾದ್ರಿಗಳು ಹುಟ್ಟಿಸಿದ ಸುಳ್ಳೆಂದು ವಾದಿಸುವುದು ಕೆಲವರಿಗೆ ಈಗ ಪಾಂಡಿತ್ಯದ ಲಕ್ಷಣವಾಗಿದೆ. ನರಭಕ್ಷಣೆ ಎಲ್ಲಿಯಾದರೂ ರೂಢಿಯಲ್ಲಿತ್ತೆಂಬುದಕ್ಕೆ ನಂಬತಕ್ಕ ಸಾಕ್ಷ್ಯವೇ ಇಲ್ಲವೆಂದು ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಅರೆನ್ಸ್ 1979ರಲ್ಲಿ ಬರೆದದ್ದು ಅವರಿಗೆ ವೇದವಾಕ್ಯ. ಪರದೇಶದ ಜನರನ್ನು ಹಳಿಯಬಾರದೆಂಬ ಅವರ ಸದುದ್ದೇಶ ನನಗೆ ತಿಳಿಯದ್ದಲ್ಲ. ಆದರೆ ವಾದವನ್ನು ಮಾತ್ರ ನಾನು ಒಪ್ಪಲಾರೆ.

ಸಾಕ್ಷ್ಯವಿಲ್ಲವೆ? ಫಿಜಿಯನ್ನರ ನುಡಿಯಲ್ಲಿ 'ಬೊಕೊಲ' ಎಂಬ ಮಾತಿದೆ. ತಿನ್ನಲೆಂದು ತಂದ ಶತ್ರುವಿನ ಹೆಣವೆಂದು ಅದರ ಅರ್ಥ. ಪಾದ್ರಿಯ ಸುಳ್ಳಿಗಾಗಿ ಒಂದು ಜನಾಂಗ ತನ್ನ ನುಡಿಯಲ್ಲಿ ಪದ ಹುಟ್ಟಿಸಿಕೊಳ್ಳುವುದುಂಟೆ? ರಾಕಿರಾಕಿಯ ನಾಯಕ ಉಂದ್ರೆ ಉಂದ್ರೆ ತಿಂದ ಒಬ್ಬೊಬ್ಬರ ಲೆಕ್ಕಕ್ಕೂ ಒಂದೊಂದು ಕಲ್ಲನ್ನು ಇಡಲಾಗಿತ್ತೆಂದು ಪ್ರತೀತಿ. 1849ರಲ್ಲಿ ಪಾದ್ರಿ ರಿಚರ್ಡ್ ಲಿತ್ ಎಣಿಸಿದ ಕಲ್ಲುಗಳು 872. ಲೆಕ್ಕದಲ್ಲಿ ಉತ್ಪ್ರೇಕ್ಷೆಯಿದ್ದೀತು, ಆದರೆ ಅಪ್ಪ ಯಾರಿಗೂ ಪಾಲು ಕೊಡದೆ ತಿಂದನೆಂದು ಹೇಳಿದವನು ಆತನ ಮಗನೇ. 1867ರಲ್ಲಿ ನಂಬುತೌತೌ ಹಳ್ಳಿಯವರು ಪಾದ್ರಿ ಥಾಮಸ್ ಬೇಕರನನ್ನೂ ಆತನ ಏಳು ಮಂದಿ ಫಿಜಿಯನ್ ಸಂಗಡಿಗರನ್ನೂ ಕೊಂದು, ಬೇಕರನ ಮಾಂಸ ತಿಂದರು. 2003ರಲ್ಲಿ ಅದೇ ಹಳ್ಳಿಯವರು ಆತನ ವಂಶದವರಿಗೆ ತಿಮಿಂಗಿಲದ ಹಲ್ಲುಗಳನ್ನು ಕಾಣಿಕೆಯಿತ್ತು ಕ್ಷಮೆ ಬೇಡಿದರು. ಪೂರ್ವಜರ ಕೃತ್ಯವನ್ನು ಅವರೇ ತಲೆಬಾಗಿ ಒಪ್ಪಿಕೊಂಡಿರುವಾಗ, ದೂರದ ಪಂಡಿತರು ಅದು ನಡೆಯಲೇ ಇಲ್ಲವೆನ್ನುವುದು ಯಾವ ಔದಾರ್ಯ?

ಹಾಗೆಂದು, ಇದನ್ನೇ ಹಿಡಿದು 'ಕಾಡುಜನ'ರೆಂದು ನಗುವವರ ಪಕ್ಷವೂ ನನ್ನದಲ್ಲ. ಆ ನಾಯಕರು ಹೊಟ್ಟೆಗಿಲ್ಲದೆ ತಿಂದವರಲ್ಲ. ಶತ್ರುವಿನ ಹೆಣವನ್ನು ದೇವರಿಗೆ ಒಪ್ಪಿಸಿ ಹಂಚುವುದು ಅಧಿಕಾರದ ಮುದ್ರೆಯಾಗಿತ್ತು. ಸೋತ ಕುಲಕ್ಕೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಅದು ರಾಜಕಾರಣ, ಘೋರವಾದ ರಾಜಕಾರಣ. ಅದಕ್ಕೆ ಬಲಿಯಾದವರೂ ಬಹುಮಟ್ಟಿಗೆ ಫಿಜಿಯನ್ನರೇ. ಸುಳ್ಳೆನ್ನುವವರೂ ನಗುವವರೂ ಮರೆಯುವುದು ಇವರನ್ನೇ.

ನಗುವವರಿಗೆ ಇನ್ನೊಂದು ಲೆಕ್ಕವಿದೆ. ಬೌ ದ್ವೀಪದ ನಾಯಕ ಥಾಕೊಂಬೌ 1854ರಲ್ಲಿ ಕ್ರೈಸ್ತನಾಗಿ ನರಭಕ್ಷಣೆಯನ್ನು ಬಿಟ್ಟ. 1874ರಲ್ಲಿ ದ್ವೀಪಗಳನ್ನು ಬ್ರಿಟಿಷರಿಗೆ ಒಪ್ಪಿಸಿದ. ಮರುವರ್ಷ ಬ್ರಿಟಿಷರ ಹಡಗು ದಡಾರವನ್ನು ತಂದಿತು. ಹಡಗಿನವರನ್ನು ಬೇರೆಯಿರಿಸದೆ ಇಳಿಸಿದರು. ಸುಮಾರು 40,000 ಮಂದಿ ಸತ್ತರು. ಉಂದ್ರೆ ಉಂದ್ರೆಯ ಕಲ್ಲುಗಳನ್ನು ಎಣಿಸಿ ನಗುವವರು ಇವರಿಗಾಗಿ ಎಷ್ಟು ಕಲ್ಲು ಇಟ್ಟಾರು? ಇತಿಹಾಸ ಬರೆಯುವವನು ಎರಡು ಲೆಕ್ಕವನ್ನೂ ಒಪ್ಪಿಸಬೇಕು.